ದ್ರಾಕ್ಷಿ ಪರದೇಶಕ್ಕೆ, ಸೊಸೆ ಕೊಟ್ಟಿಗೆಗೆ

ಕುರನೂರಿನ ಕಲ್ಯಾಣಪ್ಪನವರ ಮನೆಯಲ್ಲಿ ಬೆಳಗಿನ ಚಹಾ ಮುಗಿಯುವುದರೊಳಗೆ ಹತ್ತು ಸಲ ‘ಸುವರ್ಣಾ’ ಎಂಬ ಕೂಗು ಕೇಳುತ್ತದೆ. ಅವರ ದ್ರಾಕ್ಷಿ ಯುರೋಪಿಗೆ ಹೋಗುವ ಮಾತು ಬಂದದ್ದೂ ಈ ಸೊಸೆಯಿಂದಲೇ. ಯಾವ ದಿನ ಯಾವ ಔಷಧಿ ಹೊಡೆದರೆಂದು ವಹಿಯಲ್ಲಿ ಬರೆದಿಟ್ಟವಳು ಅವಳು. ಅಲ್ಲಿಯ ವ್ಯಾಪಾರಿಗೆ ಆರು ತಿಂಗಳು ಪತ್ರ ಬರೆದವಳೂ ಅವಳೇ. ರಫ್ತಿನ ಕಾಗದಪತ್ರ ಮಾಡಿಕೊಡುವ ನಾನು ಸಹಿಗೆ ಜಾಗ ತೋರಿಸಿದವನು, ಅಷ್ಟೆ.

ಆ ವ್ಯಾಪಾರಿ ಒಬ್ಬ ಹೆಣ್ಣುಮಗಳು. ತೋಟ ನೋಡಲು ಅವಳನ್ನು ನಾನೇ ಸೋಲಾಪುರದಿಂದ ಕರೆತಂದೆ. ಕಲ್ಯಾಣಪ್ಪನವರು ಆರತಿ ಮಾಡಿಸಿ ಬರಮಾಡಿಕೊಂಡರು. ಸುವರ್ಣಾ ಮಾತ್ರ ದನದ ಕೊಟ್ಟಿಗೆಯ ಪಕ್ಕ ಕೂತಿದ್ದಳು. ಮುಟ್ಟಾಗಿದ್ದಳಂತೆ!

ಕಲ್ಯಾಣಪ್ಪನವರನ್ನು ಪಕ್ಕಕ್ಕೆ ಕರೆದೆ. "ಇವತ್ತೊಂದಿನ ಬಿಡ್ರಿ. ಏನಾರ ಕೇಳಿದ್ರ ಉತ್ತರ ಹೇಳಾಕಿ ಆಕಿ ಒಬ್ಬಾಕಿನ."

"ಹೊರಗಾದಾಕಿ ನೆಳ್ಳ ಬಿದ್ರ ಬಳ್ಳಿ ಸುಡತೈತ್ರಿ. ನಮ್ಮ ಅಜ್ಜನ ಕಾಲದಿಂದ ನಡದೈತಿ."

"ನಿಮ್ಮ ಅಜ್ಜಾರ ಕಾಲಕ್ಕ ದ್ರಾಕ್ಷಿ ಎಲ್ಲಿತ್ರಿ? ಜ್ವಾಳ ಇತ್ತು!"

"ಸಾಹೇಬ, ನೀವು ಕಾಗದ ನೋಡ್ರಿ. ಮನಿ ನಾವು ನೋಡತೀವಿ."

ಸುವರ್ಣಾ ಎಲ್ಲಿ ಎಂದು ವ್ಯಾಪಾರಿ ಕೇಳಿದಳು. ಜ್ವರ ಎಂದು ಸುಳ್ಳು ಹೇಳಿದೆ. ಹೇಳುತ್ತಿದ್ದಂತೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವಳು ತೋಟವೆಲ್ಲ ಸುತ್ತಿ, ಬಳ್ಳಿ ಬಳ್ಳಿ ಮುಟ್ಟಿ ನೋಡಿ, ಹಣ್ಣು ತುಂಬುವ ಶೆಡ್ಡಿಗೆ ಬಂದು ವಹಿ ಕೇಳಿದಳು. ಅದು ಸುವರ್ಣಾಳ ಹತ್ತಿರವಿತ್ತು. ಅತ್ತೆ ಇಂದುಬಾಯಿ ಅದನ್ನು ನೆಲಕ್ಕೆ ಇಡಿಸಿ, ಮೈಲಿಗೆ ಹೋಗಲೆಂದು ಮೇಲೆ ಗೋಮೂತ್ರ ಸುರಿದು ತಂದರು. ಶಾಯಿ ಹರಡಿ ತಾರೀಖುಗಳೆಲ್ಲ ಅಳಿಸಿಹೋಗಿದ್ದವು. ಇದಕ್ಕೆ ಏನೆನ್ನಬೇಕು? ಹಣ್ಣಿನಲ್ಲಿ ಸಾಸಿವೆಯಷ್ಟು ಔಷಧಿ ಉಳಿದರೂ ಮಾಲು ವಾಪಸ್ಸು ಕಳಿಸುವ ಜನ ಅವರು. ಕಡೆಯ ಔಷಧಿ ಯಾವಾಗ ಹೊಡೆದಿರಿ ಎಂದರೆ ಸುವರ್ಣಾಳ ಗಂಡ ಕೈಲಾಸ ತಲೆ ಕೆರೆದುಕೊಂಡು, "ಹ್ವಾದ ವಾರ ಇರಬೇಕ್ರಿ," ಎಂದುಬಿಟ್ಟ. ಹೋದ ವಾರ ಔಷಧಿ ಹೊಡೆದ ಹಣ್ಣನ್ನು ಯಾರು ಕೊಳ್ಳುತ್ತಾರೆ? ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ವ್ಯಾಪಾರಿ ಪೆನ್ನು ಮುಚ್ಚಿ ಚೀಲದಲ್ಲಿಟ್ಟಳು.

"ಸುಳ್ಳು. ಮೂವತ್ತೆಂಟ ದಿನ ಆತ್ರಿ."

ಶೆಡ್ಡಿನ ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. ಅಲ್ಲಿಂದಲೇ ಒಂದೊಂದು ತಾರೀಖನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸತೊಡಗಿದಳು. ಕಲ್ಯಾಣಪ್ಪನವರು ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಹೊರಗ ನಡಿ! ಮಾಲೆಲ್ಲಾ ಖರಾಬ ಮಾಡತಿ!"

"ಮಾವಾರ, ಮುಂಜಾನಿಂದ ಈ ಅಕ್ಕಾರು ಎಲ್ಲಾ ಬಳ್ಳಿ ಮುಟ್ಟ್ಯಾರ. ಆರತಿ ಮಾಡಿ ಕರಕೊಂಡ್ರಿ. ಮುಟ್ಟಾಗೀರೇನು ಅಂತ ಅವರಿಗೆ ಕೇಳಿದ್ರೇನ್ರಿ?"

ಕಲ್ಯಾಣಪ್ಪನವರು ಬಾಗಿಲಿಗೆ ಕೈ ಅಡ್ಡ ಹಿಡಿದರು. "ಆಕಿ ಗಿರಾಕಿ. ನೀ ಮನಿ ಸೊಸಿ," ಎಂದರು.

"ಹಂಗಾರ ತಿಂಗಳಿಗೆ ಮೂರ ದಿನ ಸೊಸಿ ಅಲ್ಲ ಅಂತ ತಿಳಕೋರಿ. ಮಾಲು ಕಳಸಾಕಿ ಅಂತ ತಿಳಕೊಂಡು ದಾರಿ ಬಿಡ್ರಿ."

ಅವರು ದಾರಿ ಬಿಡಲಿಲ್ಲ. ಸುವರ್ಣಾ ಮಾವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಒಳಗೆ ಬಂದು ದ್ರಾಕ್ಷಿಗೆ ಕೈ ಹಾಕಿದಳು.