ತಡವಾಗಿ ಬಂದವರ ರಿಜಿಸ್ಟರು

ಏನೇ, ಕೇಳಿಸುತ್ತಿದೆಯಾ? ಬೆರಳು ತೆಗೆದರೆ ರೆಕಾರ್ಡಿಂಗು ನಿಂತುಹೋಗುತ್ತದೆ ಈ ಹಾಳು ಫೋನಿನಲ್ಲಿ. ನೀನು ಯೂನಿವರ್ಸಿಟಿಯಲ್ಲಿ ಮಹಿಳಾ ಅಧ್ಯಯನ ತಗೊಂಡಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ‘ಅಜ್ಜಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ’ ಅಂದೆಯಂತೆ. ಅಮ್ಮಾ ತಾಯಿ, ಅದನ್ನು ಓದುವ ಹುಡುಗಿಯರನ್ನು ಹತ್ತೊಂಬತ್ತು ವರ್ಷ ಬೀಗ ಹಾಕಿ ಒಳಗಿಟ್ಟವಳು ನಾನು. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಕಾಯುವ ಕೆಲಸ ನನ್ನದು. ಗೇಟಿಗೆ ಅಂಟಿಕೊಂಡೇ ಒಂದು ಕೋಣೆ ಕೊಟ್ಟಿದ್ದರು. ಕಾಲು ಚಾಚಿದರೆ ಬಾಗಿಲು, ಕೈ ಚಾಚಿದರೆ ಸ್ಟೌವು. ಎಲ್ಲರ ಬಾಯಲ್ಲೂ ನಾನು ಗೇಟಜ್ಜಿ. ಆಗಿನ್ನೂ ನನಗೆ ಐವತ್ತೂ ತುಂಬಿರಲಿಲ್ಲ, ಇರಲಿ ಬಿಡು. ಸಂಜೆ ಆರೂವರೆಗೆ ಸರಿಯಾಗಿ ಬೀಗ. ಆಮೇಲೆ ಬಂದವಳ ಹೆಸರು, ರೂಮು, ಬಂದ ಸಮಯ, ತಡವಾದ ಕಾರಣ ಇಷ್ಟೂ ರಿಜಿಸ್ಟರಿಗೆ ಹೋಗಬೇಕು, ಕೆಳಗೆ ಅವಳ ಸಹಿ ಬೀಳಬೇಕು. ಕಾರಣ ಸರಿಯಿಲ್ಲ ಅಂದರೆ ಮನೆಗೆ ಕಾಗದ.

ನಾನು ಸೇರಿದ ವರ್ಷ ಒಬ್ಬಳಿದ್ದಳು, ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಹುಡುಗಿ. ತಡವಾಗಿ ಬಂದವಳು ‘ಗೆಳತಿಯರ ಜೊತೆ ಸಿನಿಮಾ’ ಅಂತ ತನ್ನ ಕೈಯಾರೆ ಬರೆದಳು. ಸತ್ಯವಂತೆ! ವಾರದೊಳಗೆ ಅವಳಪ್ಪ ಬಂದ. ಹಾಸಿಗೆ ಸುತ್ತಿಸಿದ, ಟ್ರಂಕು ಹೊರಿಸಿದ, ಕರೆದುಕೊಂಡು ಹೋದ. ಎರಡು ತಿಂಗಳಿಗೆ ಮದುವೆ ಕಾರ್ಡು ಬಂತು, ನನ್ನ ಹೆಸರಿಗೂ ಒಂದು.

ಅವತ್ತಿನಿಂದ ಪೆನ್ನು ನಾನೇ ಹಿಡಿದೆ. ‘ನೀ ಸಹಿ ಹಾಕಮ್ಮ, ಉಳಿದಿದ್ದು ನಾ ಬರ್ಕೋತೀನಿ’ ಅನ್ನುತ್ತಿದ್ದೆ. ಬರೆಯುತ್ತಿದ್ದುದು ಹೆಚ್ಚಾಗಿ ಒಂದೇ ಮಾತು: ಬಸ್ಸು ಕೆಟ್ಟಿತ್ತು. ಹುಡುಗನ ಜೊತೆ ಪಾರ್ಕಿನಲ್ಲಿ ಕೂತವಳಿಗೂ ಬಸ್ಸು, ಪುಸ್ತಕದಲ್ಲಿ ಮುಳುಗಿ ಗಡಿಯಾರ ಮರೆತವಳಿಗೂ ಬಸ್ಸು, ಸುಮ್ಮನೆ ಬೀದಿಯಲ್ಲಿ ನಡೆಯಬೇಕು ಅನ್ನಿಸಿ ನಡೆದವಳಿಗೂ ಬಸ್ಸು. ನನ್ನ ರಿಜಿಸ್ಟರಿನಲ್ಲಿ ಕೆಟ್ಟಷ್ಟು ಬಸ್ಸು ಆ ಊರಿನಲ್ಲಿ ಓಡುತ್ತಲೇ ಇರಲಿಲ್ಲ. ಯಾರು ಓದುತ್ತಾರೆ? ವಾರ್ಡನ್ ಮೇಡಂ ತಿಂಗಳಿಗೊಮ್ಮೆ ಕೊನೆಯಲ್ಲೊಂದು ಸಹಿ ಗೀಚಿ ಕಳಿಸುತ್ತಿದ್ದರು.

ಈ ಮೇಡಂ ಹಗಲು ಹೊತ್ತು ಮಹಿಳಾ ಅಧ್ಯಯನದ ಪ್ರೊಫೆಸರು, ಸಂಜೆಯಾದರೆ ನಮ್ಮ ವಾರ್ಡನ್ನು. ಕೆಟ್ಟವರೇನಲ್ಲ. ‘ಬೀಗ ಹಾಕೋಕೆ ನಂಗೇನು ಆಸೆಯಾ ಅಜ್ಜಿ? ಏನಾದ್ರೂ ಆದ್ರೆ ಅವರಪ್ಪಂದಿರು ಬಂದು ಹಿಡ್ಕೊಳ್ಳೋದು ನನ್ನ’ ಅನ್ನುತ್ತಿದ್ದರು. ಆಯಿತಲ್ಲ, ಅವರ ಕುತ್ತಿಗೆ ಅಪ್ಪಂದಿರ ಕೈಯಲ್ಲಿ, ನನ್ನದು ಅವರ ಕೈಯಲ್ಲಿ, ಹುಡುಗಿಯರದ್ದು ನನ್ನ ಸೊಂಟದ ಬೀಗದ ಕೈಯಲ್ಲಿ.

ಅವರ ಕ್ಲಾಸಿನವಳೇ ಒಬ್ಬಳು. ಬಾಯಿ ತೆರೆದರೆ ‘ಯಾಕೆ’. ಹಾಸ್ಟೆಲಿನವರು ಅವಳಿಗೆ ಯಾಕಕ್ಕ ಅಂತಲೇ ಹೆಸರಿಟ್ಟಿದ್ದರು.

‘ನಿಮ್ಮ ಕ್ಲಾಸಲ್ಲಿ ಅದೇನು ಹೇಳ್ಕೊಡ್ತಾರೆ ತಾಯಿ?’ ಅಂತ ಒಮ್ಮೆ ಕೇಳಿದೆ.

‘ಹೆಂಗಸರು ಯಾಕೆ ಹೊರಗೆ ಬರೋಕಾಗಲ್ಲ ಅಂತ.’

‘ಅದಕ್ಕೆ ಎರಡು ವರ್ಷ ಓದಬೇಕಾ? ಬೀಗದ ಕೈ ಇಲ್ಲೇ ಇದೆ, ನೋಡ್ಕೊಂಡು ಹೋಗು.’

ನಕ್ಕಳು. ಆದರೆ ಅವಳ ಸಂಕಟ ನಗುವಂಥದ್ದಲ್ಲ. ಅವಳಿಗೆ ಬೇಕಾದ ದಪ್ಪ ಪುಸ್ತಕಗಳನ್ನು ಲೈಬ್ರರಿಯಿಂದ ಹೊರಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಓದಬೇಕು. ಕ್ಲಾಸು ಮುಗಿಯುವುದು ಐದಕ್ಕೆ. ಲೈಬ್ರರಿ ಎಂಟೂವರೆವರೆಗೆ ತೆರೆದಿರುತ್ತದೆ, ಇವಳು ಆರಕ್ಕೇ ಎದ್ದು ನಡೆಯಬೇಕು. ‘ನಾನು ಪುಸ್ತಕ ಮುಚ್ಚೋ ಹೊತ್ತಿಗೆ ಹುಡುಗರು ಟೀ ಕುಡ್ಕೊಂಡು ಓದೋಕೆ ಒಳಗೆ ಬರ್ತಾರೆ ಅಜ್ಜಿ’ ಅನ್ನುತ್ತಿದ್ದಳು. ಹಾಗಾಗಿ ಪ್ರಾಜೆಕ್ಟಿಗೆ ನಮ್ಮ ಗೇಟನ್ನೇ ಹಿಡಿದಳು. ಹುಡುಗಿಯರು ಯಾಕೆ ತಡವಾಗಿ ಬರುತ್ತಾರೆ ಅಂತ ಲೆಕ್ಕ ತೆಗೆದು, ಬೀಗದ ಹೊತ್ತನ್ನು ಎಂಟೂವರೆ ಮಾಡಿಸಬೇಕು, ಅದೇ ಅವಳ ಹಟ. ಮೇಡಂ ಒಪ್ಪಿ, ಹಳೇ ರಿಜಿಸ್ಟರು ನೋಡು ಅಂದರಂತೆ.

ರಿಜಿಸ್ಟರೆಲ್ಲ ನನ್ನ ಮಂಚದ ಕೆಳಗೆ. ಮೂರು ವಾರ ನನ್ನ ಸ್ಟೂಲಿನ ಮೇಲೆ ಕೂತು, ಧೂಳಿಗೆ ಸೀನುತ್ತಾ ಬರೆದುಕೊಂಡಳು. ಅಕ್ಷರವೆಲ್ಲ ಒಂದೇ ಥರ ಇದೆಯಲ್ಲ ಅಂದಳು. ‘ಅವ್ರು ಹೇಳ್ತಾರೆ, ನಾ ಬರೀತೀನಿ’ ಅಂದೆ. ಎಲ್ಲದಕ್ಕೂ ಯಾಕೆ ಅನ್ನುವವಳು ಅದಕ್ಕೊಂದು ಅನ್ನಲಿಲ್ಲ ನೋಡು. ನಾನೂ ಬಾಯಿ ಮುಚ್ಚಿಕೊಂಡೆ. ಮಾರ್ಕ್ಸಿಗೆ ತಾನೆ, ಬರೆದುಕೊಳ್ಳಲಿ ಅಂತ.

ಪ್ರಾಜೆಕ್ಟು ಕೊಡುವುದಕ್ಕೆ ಎರಡು ದಿನ ಇದೆ ಅನ್ನುವಾಗ ಒಂದು ಹಾಳೆ ಹಿಡಿದು ಬಂದಳು. ಮುಖ ಸಪ್ಪಗಿತ್ತು.

‘ಎಂಟುನೂರ ಹನ್ನೆರಡು ಸಲ ತಡ ಆಗಿದೆ ಅಜ್ಜಿ. ಅದರಲ್ಲಿ ಏಳುನೂರ ಮೂರು ಸಲ ಬಸ್ ಕೆಟ್ಟಿದೆ.’

ನನಗೇ ನಾಚಿಕೆಯಾಯಿತು. ಮಧ್ಯೆ ಮಧ್ಯೆ ಇನ್ನೂ ಸ್ವಲ್ಪ ಜ್ವರ ಬರೆಯಬಹುದಿತ್ತು.

‘ಮೇಡಂಗೆ ತುಂಬ ಖುಷಿ. ಹುಡುಗೀರದ್ದೇನೂ ತಪ್ಪಿಲ್ಲ, ಬಸ್ಸಿಂದೇ ಸಮಸ್ಯೆ, ಹಾಸ್ಟೆಲಿಗೇ ಒಂದು ಬಸ್ ಹಾಕ್ಸೋಣ ಅಂದ್ರು. ಆರು ಗಂಟೆಗೆ ಲೈಬ್ರರಿ ಮುಂದಿಂದ ಹೊರಡುತ್ತಂತೆ.’

‘ಮತ್ತೆ ಗೇಟಿನ ಟೈಮು?’

‘ಬಸ್ ಬಂದ್ಮೇಲೆ ಟೈಮ್ ಯಾಕೆ ಬದಲಾಯಿಸ್ಬೇಕು ಅಂತಾರೆ.’

ಇನ್ನು ತಡೆಯಲಾಗಲಿಲ್ಲ. ‘ಒಂದೂ ಕೆಟ್ಟಿಲ್ಲ ಕಣೇ’ ಅಂದೆ.

‘ಏನು ಒಂದೂ?’

‘ಬಸ್ಸು. ಎಲ್ಲ ನಾನೇ ಬರ್ದಿದ್ದು. ಒಂದ್ಸಲ ನಿಜವಾಗ್ಲೂ ಕೆಟ್ಟಿತ್ತು. ಅವತ್ತು ಬಸ್ಸು ಜಾಸ್ತಿ ಆಯ್ತು ಅನ್ನಿಸಿ ಹೊಟ್ಟೆನೋವು ಅಂತ ಬರ್ದೆ.’

ಹೊಟ್ಟೆ ಹಿಡಿದುಕೊಂಡು ನಕ್ಕಳು, ಮಾರಾಯ್ತಿ. ನಕ್ಕು ನಕ್ಕು ಥಟ್ಟನೆ ನಿಲ್ಲಿಸಿದಳು.

‘ಹಂಗಾದ್ರೆ ನಿಜ ಬರೀತೀನಿ. ಓದೋಕೆ, ಓಡಾಡೋಕೆ ತಡ ಆಗಿದ್ದು ಅಂತ.’

‘ಬರಿ. ಆಮೇಲೆ ಮೇಡಂ ರಿಜಿಸ್ಟರು ತರಿಸ್ತಾರೆ. ಅದರಲ್ಲಿರೋ ಎಷ್ಟೋ ಹುಡುಗೀರು ಇನ್ನೂ ಒಳಗೇ ಇದಾರೆ. ಬಸ್ ಅಲ್ಲ ಅಂದ್ರೆ ಮತ್ತೆಲ್ಲಿದ್ದೆ ಅಂತ ಒಬ್ಬೊಬ್ಬಳ ಅಪ್ಪನೂ ಬಂದು ಕೇಳ್ತಾನೆ.’

‘ನಿಮ್ಮ ಗತಿ?’

‘ನಂಗೆ ಈ ಕೋಣೆ ಬಿಟ್ರೆ ಬೇರೆ ಸೂರಿಲ್ಲ.’

ಅವಳು ಸ್ಟೌವು ನೋಡಿದಳು, ಮಂಚ ನೋಡಿದಳು, ಗೋಡೆಗೆ ನೇತುಹಾಕಿದ್ದ ನನ್ನ ಎರಡು ಸೀರೆ ನೋಡಿದಳು. ಹಾಳೆ ಮಡಚಿಕೊಂಡು ಹೊರಟುಹೋದಳು.

ಬಸ್ಸು ಅಂತಲೇ ಕೊಟ್ಟಳು. ಕೊನೆಯ ಪುಟದಲ್ಲಿ ಮಾತ್ರ, ಆದರೂ ಗೇಟನ್ನು ಎಂಟೂವರೆವರೆಗೆ ತೆರೆದಿಡಬೇಕು ಅಂತ ಒಂದು ಸಾಲು ಸೇರಿಸಿದಳಂತೆ. ಹಾಸ್ಟೆಲ್ ಕಮಿಟಿಯವರು ಕೊನೆಯ ಪುಟದವರೆಗೆ ಹೋಗುತ್ತಾರಾ? ಏಳುನೂರ ಮೂರು ಕಣ್ಣಿಗೆ ಬಿತ್ತು, ಸಾಕಾಯಿತು. ಎರಡು ತಿಂಗಳಲ್ಲಿ ಹೊಸ ಬಸ್ಸು ಬಂದು ಗೇಟಿನ ಮುಂದೆ ನಿಂತಿತು. ಮೇಡಂ ಎಲ್ಲರೆದುರಿಗೆ ಅವಳ ಬೆನ್ನು ತಟ್ಟಿ, ‘ನಮ್ಮ ವಿಭಾಗದಲ್ಲಿ ಪ್ರಾಜೆಕ್ಟ್ ಬರೆದವರು ಬೇಕಾದಷ್ಟು ಜನ, ಜಾರಿಗೆ ಬಂದಿದ್ದು ನಿಂದೊಂದೇ ಕಣಮ್ಮ’ ಅಂದರು. ಅವಳು ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದಳು, ನಾನು ನನ್ನದು.

ಡ್ರೈವರು ಎಂಥ ಶನಿ ಅಂತೀಯ! ಒಂದು ದಿನವೂ ತಡ ಮಾಡಲಿಲ್ಲ. ಆ ಬಸ್ಸೂ ಅಷ್ಟೇ, ಕೆಡುವುದಿರಲಿ, ಒಂದು ಸಲವೂ ಕೆಮ್ಮಲಿಲ್ಲ. ಆರಕ್ಕೆ ಲೈಬ್ರರಿ ಮುಂದೆ ಹಾರನ್ನು, ಆರೂಕಾಲಿಗೆ ನನ್ನ ಮುಂದೆ. ಮೊದಲು ಅರ್ಧ ಗಂಟೆ, ಒಂದು ಗಂಟೆ ಕದಿಯುತ್ತಿದ್ದ ಹುಡುಗಿಯರೆಲ್ಲ ಈಗ ಕುರಿಮರಿಗಳ ಹಾಗೆ ಸಾಲಾಗಿ ಇಳಿಯುತ್ತಿದ್ದರು. ರಿಜಿಸ್ಟರು ಖಾಲಿ ಬಿತ್ತು. ಯಾರಾದರೂ ದೊಡ್ಡವರು ಬಂದರೆ ಮೇಡಂ ಆ ಖಾಲಿ ಪುಟಗಳನ್ನೇ ತೆಗೆದು ತೋರಿಸುತ್ತಿದ್ದರು. ನನ್ನ ಹತ್ತಿರ ಬಸ್ಸು ಅನ್ನುವ ಒಂದು ಕಾರಣ ಇತ್ತು, ಅದನ್ನೂ ನಾನೇ ಕಳೆದುಕೊಂಡೆ.

ಯಾಕಕ್ಕನಿಗೆ ಇನ್ನೊಂದು ಸೆಮಿಸ್ಟರ್ ಉಳಿದಿತ್ತು. ಒಂದು ದಿನ ಬಸ್ಸಿನಿಂದ ಎಲ್ಲರೂ ಇಳಿದರು, ಅವಳು ಇಳಿಯಲಿಲ್ಲ. ಆರೂವರೆ ಆಯಿತು, ಏಳಾಯಿತು. ಏಳೂಕಾಲಿಗೆ ರಸ್ತೆಯ ಆಚೆ ಕಂಡಳು. ತಡವಾದವರೆಲ್ಲ ಏದುಸಿರು ಬಿಡುತ್ತಾ ಓಡಿಬರುತ್ತಾರೆ. ಇವಳು ಚೀಲ ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ನಡೆದು ಬರುತ್ತಿದ್ದಳು. ಅವಳು ರಸ್ತೆ ದಾಟುವಷ್ಟರಲ್ಲಿ ಬೀಗ ತೆಗೆದು ಕೂತೆ, ನನ್ನ ಕೈ ತಾನಾಗಿಯೇ ರಿಜಿಸ್ಟರು ತೆರೆದಿತ್ತು. ಹೆಸರು ಬರೆದೆ, ರೂಮು ಬರೆದೆ. ಬಸ್ಸು ಅನ್ನುವ ಹಾಗಿಲ್ಲ, ಅದು ಎದುರಿಗೇ ನಿಂತಿದೆ. ‘ತಲೆಸುತ್ತು, ಆಸ್ಪತ್ರೆಗೆ ಹೋಗಿದ್ದಳು’ ಅಂತ ಬರೆದೆ.

ಬಂದವಳೇ ಕೈ ಚಾಚಿದಳು. ‘ಪೆನ್ ಕೊಡಿ ಅಜ್ಜಿ. ಇವತ್ತು ನಾನೇ ಬರೀತೀನಿ. ಲೈಬ್ರರೀಲಿ ಓದ್ತಾ ಕೂತಿದ್ದೆ ಅಂತ. ಮನೆಗೆ ಕಾಗದ ಹೋದ್ರೆ ಹೋಗ್ಲಿ.’

‘ಎಲ್ಲ ಬರ್ದಾಯ್ತು. ನೀ ಸಹಿ ಹಾಕು, ಸಾಕು.’

ಬಗ್ಗಿ ಓದಿದಳು. ಇನ್ನೊಂದು ಸಲ ಓದಿದಳು.

‘ನಂಗೆ ಅಂತ ಒಂದು ಸಾಲೂ ಬಿಡ್ಲಿಲ್ವಲ್ಲ ಅಜ್ಜಿ ನೀವು.’

‘ನಿನ್ನ ಒಳ್ಳೇದಕ್ಕೇ ಕಣೇ.’

‘ಗೊತ್ತು’ ಅಂದಳು.

ಸಹಿ ಹಾಕಿದಳು. ಒಳಗೆ ಬಂದು, ನಾನು ಏಳುವ ಮೊದಲೇ ಗೇಟನ್ನು ಅವಳೇ ಎಳೆದಳು. ನಾನು ಬೀಗ ಹಾಕಿದೆ.