ಹಿಡಿಕೆಯ ಹಳದಿ ದಾರ

ನಾನು ಒಂದು ಸ್ಕ್ಯಾನಿಂಗ್ ಯಂತ್ರ. ಮೈಯೊಳಗನ್ನು ನೋಡಲು ನನಗೆ ಕಣ್ಣಿಲ್ಲ, ಕಿವಿ ಮಾತ್ರ. ಒಳಕ್ಕೆ ಸದ್ದು ಕಳಿಸಿ, ಮರಳಿ ಬಂದದ್ದನ್ನು ಕೇಳಿ, ಪರದೆಯ ಮೇಲೆ ಚಿತ್ರ ಬಿಡಿಸುತ್ತೇನೆ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಪರೀಕ್ಷೆ ಮಾಡಿ, ಪಾಸಾದೆನೆಂದು ಚೀಟಿ ಅಂಟಿಸಿದರು. ಆ ಚೀಟಿಯನ್ನು ನಾನು ಎಂದೂ ಪೂರ್ತಿ ನಂಬಲಿಲ್ಲ. ಪ್ರತಿ ಚಿತ್ರ ಬಿಡಿಸಿದ ಮೇಲೂ, ಸರಿಯಾಗಿ ಕೇಳಿಸಿಕೊಂಡೆನೇ ಎಂಬ ಅಳುಕು ಉಳಿಯುತ್ತಿತ್ತು.

ನನ್ನ ಮೊದಲ ಮನೆ ಗದಗಿನ ಹೆರಿಗೆ ಆಸ್ಪತ್ರೆ. ಎಂಥ ದಿನಗಳವು! ಹೊಟ್ಟೆಗೆ ಜೆಲ್ ಬಿದ್ದೊಡನೆ ಬಸುರಿಯರು "ಅಯ್ಯ, ಥಂಡಿ ಐತ್ರಿ!" ಎಂದು ನಗುತ್ತಿದ್ದರು. ಪುಟ್ಟ ಹೃದಯದ ಬಡಿತ ಕೇಳಿಸಿದರೆ ಜಗಳಗಂಟಿ ಅತ್ತೆಯರೂ ಸುಮ್ಮನಾಗುತ್ತಿದ್ದರು.

ಆ ಆಸ್ಪತ್ರೆ ಮುಚ್ಚಿದಾಗ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಬಂದೆ. ಹೊಸ ಒಡತಿ ಡಾಕ್ಟರ್ ಇಂದುಮತಿ ನನ್ನಂತೆಯೇ ಅಳುಕಿನವರು. ಒಂದೇ ರಕ್ತನಾಳವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ನಾಳದಲ್ಲಿ ರಕ್ತ ಹರಿದರೆ ನಾನು ಕೆಂಪು, ನೀಲಿ ಬಣ್ಣ ತೋರಿಸಿ ಸುಯ್ ಸುಯ್ ಎನ್ನುತ್ತಿದ್ದೆ.

ಅಲ್ಲಿಗೆ ಶಿವಲೀಲಾ ಬಂದಳು. ರೊಟ್ಟಿ ಬಡಿದು ಮಾರುತ್ತಿದ್ದವಳು. ಬಟ್ಟೆ ಒಣಹಾಕುವ ತಂತಿಗೆ ಕರೆಂಟ್ ಹರಿದು ಎರಡೂ ಮುಂಗೈ ಕಳೆದುಕೊಂಡಿದ್ದಳು. ತೀರಿಕೊಂಡ ಯಾರದಾದರೂ ಕೈಗಳನ್ನು ಅವಳಿಗೆ ಜೋಡಿಸುವುದೆಂದು ತೀರ್ಮಾನವಾಗಿತ್ತು. ಅವಳ ತೋಳಿನಲ್ಲಿ ಯಾವ ನಾಳ ಗಟ್ಟಿ ಇದೆ ಎಂದು ಹುಡುಕುವ ಕೆಲಸ ನನ್ನದು.

"ಮಂದಿ ಕೈಲೆ ರೊಟ್ಟಿ ಬಡಿಯಾಕ ಬರತೈತೇನ್ರಿ ಅಕ್ಕಾರ?" ಎಂದು ಅವಳು ಕೇಳಿದಳು.

"ಮೊದಲು ರಕ್ತ ಹರೀಲಿ. ರೊಟ್ಟಿ ಆಮೇಲೆ," ಎಂದರು ಡಾಕ್ಟರ್.

"ಬಡದ್ರ ಮೊದಲನೇದು ನಿಮಗ. ಹೊತ್ತಿದ್ರೂ ತಿನ್ನಬೇಕು ಮತ್ತ!"

ಆಪರೇಷನ್ ಆಯಿತು. ಹೊಸ ಬೆರಳುಗಳವರೆಗೆ ಕೆಂಪು ಬಣ್ಣ ಇಳಿದು ಬಂದದ್ದನ್ನು ನೆನೆದರೆ ಈಗಲೂ ಒಳಗೆ ಬೆಚ್ಚಗಾಗುತ್ತದೆ. ದಿನಕ್ಕೆ ಹಲವು ಸಲ ನನ್ನನ್ನು ಅವಳ ಮಂಚದ ಪಕ್ಕಕ್ಕೆ ಉರುಳಿಸಿ ತರುತ್ತಿದ್ದರು.

ಒಂದು ಮಧ್ಯಾಹ್ನ ಎಡಗೈಯ ಕೆಂಪು ಎಳೆಯಷ್ಟು ತೆಳುವಾಗಿತ್ತು. ಸದ್ದು ಕ್ಷೀಣ. ತಪ್ಪು ನನ್ನದೇ ಇರಬೇಕು ಎಂದುಕೊಂಡೆ. ಡಾಕ್ಟರ್ ನನ್ನನ್ನು ಅವಳ ಬಲಗೈಗೆ ಹಿಡಿದರು. ಅಲ್ಲಿ ಎಲ್ಲ ಸರಿಯಾಗಿತ್ತು. ಹಾಗಾದರೆ ತಪ್ಪು ನನ್ನದಲ್ಲ, ಕೈ ಸಾಯುತ್ತಿದೆ. ನನ್ನದೇ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು!

"ಆಪರೇಷನ್ ಥಿಯೇಟರ್ ರೆಡಿ ಮಾಡ್ರಿ," ಎಂದರು ಡಾಕ್ಟರ್. ಶಿವಲೀಲಾ ಕಣ್ಣು ಮುಚ್ಚಿಕೊಂಡಳು. ಆದರೂ ಇಂದುಮತಿಯವರಿಗೆ ಸಮಾಧಾನವಿಲ್ಲ. ನಾಳದ ದಾರಿ ಹಿಡಿದು ಮೇಲೆ, ಇನ್ನೂ ಮೇಲೆ ನೋಡುತ್ತ ಗೌನಿನ ತೋಳು ಸರಿಸಿದರು. ಬಾತ ರಟ್ಟೆಯಲ್ಲಿ ಹೂತುಹೋದ ಒಂದು ಹಳದಿ ದಾರ!

ಬೆಳಿಗ್ಗೆ ನೋಡಲು ಬಂದಿದ್ದ ಶಿವಲೀಲಾಳ ಅತ್ತೆ ನೀಲವ್ವ ಕಟ್ಟಿದ್ದು. ದೇವಿಯ ದಾರ ಹೆಣ್ಣುಮಕ್ಕಳಿಗೆ ಎಡತೋಳಿಗೇ ಕಟ್ಟಬೇಕಲ್ಲ. ಡಾಕ್ಟರ್ ಅದನ್ನು ಕತ್ತರಿಸಿ, ಆಕೆಯನ್ನು ಕರೆಸಿ ಗದರಿದರು.

ನೀಲವ್ವ ಗೋಡೆಗಾತು ನಿಂತಳು. "ಅವು ಬ್ಯಾರೆ ಮನಿ ಕೈ ಅಲ್ಲೇನ್ರಿ ಯವ್ವಾ? ತಮ್ಮ ಮನೀಗಿ ಹೊಳ್ಳಿ ಹೋಗಬಾರದಂತ ಕಟ್ಟೀನಿ."

ಡಾಕ್ಟರ್ ಶಿವಲೀಲಾಳ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು ಕಾದರು. ನಾನು ಕಿವಿಗೊಟ್ಟೇ ಇದ್ದೆ. ಮೊದಲು ಉಸಿರಿನಷ್ಟು ಸಣ್ಣ ಸದ್ದು. ಆಮೇಲೆ ಸುಯ್... ಸುಯ್... ಕೆಂಪು ದಪ್ಪಗಾಗುತ್ತ ಬೆರಳಿಗಿಳಿಯಿತು.

"ದಾರ ಕಸದ ಬುಟ್ಟಿಗಿ ಹಾಕಬ್ಯಾಡ್ರಿ," ಎಂದು ನೀಲವ್ವ ಅಳುತ್ತಲೇ ಹೇಳಿದಳು. ಡಾಕ್ಟರ್ ಅದನ್ನು ಸ್ಪಿರಿಟ್‌ನಲ್ಲಿ ತೊಳೆದು ನನ್ನ ಹಿಡಿಕೆಗೆ ಕಟ್ಟಿದರು.

ಈಗ ನನಗೆ ವಯಸ್ಸಾಯಿತು. ನಾನು ಬಿಡಿಸುವ ಚಿತ್ರ ಮಸುಕಾಯಿತು. ಹಳೆಯ ಸ್ಕ್ಯಾನಿಂಗ್ ಯಂತ್ರವನ್ನು ಯಾರೂ ಕದ್ದು ಬಳಸಬಾರದೆಂಬ ಕಾನೂನಿನಂತೆ ಅಧಿಕಾರಿಗಳು ಬಂದು ಅರಗಿನ ಮುದ್ರೆ ಒತ್ತಿ ಹೋದರು. ಸ್ಕ್ಯಾನಿಂಗ್ ಕೋಣೆಯ ಹೊರಗಿನ ಮೂಲೆಯಲ್ಲಿ ನಿಂತಿದ್ದೇನೆ. ದಾರದ ಬಣ್ಣ ಮಾಸಿದೆ, ಗಂಟು ಬಿಚ್ಚಿಲ್ಲ.

ಮೊನ್ನೆ ತಪಾಸಣೆಗೆ ಶಿವಲೀಲಾ ಬಂದಿದ್ದಳು. ಅವಳನ್ನು ಹೊಸ ಯಂತ್ರ ನೋಡಿತು. ಇಂದುಮತಿಯವರು ಹೊರಗೆ ಬಂದು, ಅವಳು ತಂದಿದ್ದ ಬಟ್ಟೆಯ ಗಂಟು ಬಿಚ್ಚಿ, ಅಂಚು ಹೊತ್ತಿದ ರೊಟ್ಟಿ ಮುರಿದು ಬಾಯಿಗಿಟ್ಟರು.

ಹೋಗುವಾಗ ಶಿವಲೀಲಾ ದಾರ ಕಂಡು ನಿಂತಳು. "ನೀ ಇಲ್ಲೇ ಅದೀ ಏನು?" ಎಂದು ನನ್ನ ತಣ್ಣನೆಯ ಪರದೆಯ ಮೇಲೆ ಎಡಗೈಯಿಂದ, ರೊಟ್ಟಿ ಬಡಿದಂತೆ ತಟ್ಟಿದಳು. ತಟ್. ತಟ್.

ಬಣ್ಣ ಮೂಡಲಿಲ್ಲ, ಚಿತ್ರವೂ ಬರಲಿಲ್ಲ. ಆದರೆ ಆ ಸದ್ದನ್ನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.