ದುಗ್ಗಮ್ಮನ ಪಾಲಿನ ಡಿಸ್ಕ್

ಎರಡು ಲೋಟ ಪುನರ್ಪುಳಿ ಶರಬತ್ತು ಕುಡಿದಾದ ಮೇಲೂ ಭವಿತಾ ಬಂದ ಕೆಲಸ ಹೇಳಲಿಲ್ಲ. ದುಗ್ಗಮ್ಮ ಕೇಳಲೂ ಇಲ್ಲ. ಹದಿನೇಳು ವರ್ಷಗಳಲ್ಲಿ ತಮ್ಮನ ಮನೆಯವರು ಸುಳ್ಯದಿಂದ ಬಸ್ಸು ಹತ್ತಿ ಕಡಬಕ್ಕೆ ಬಂದದ್ದು ಮದುವೆ ಕಾಗದ ಕೊಡಲಿಕ್ಕೆ, ಇಲ್ಲವೇ ಸಾವಿನ ಸುದ್ದಿ ಹೇಳಲಿಕ್ಕೆ. ತಮ್ಮನ ಮಗಳ ಕೈಯಲ್ಲಿ ಕಾಗದ ಇರಲಿಲ್ಲ. ಮುಖದಲ್ಲಿ ಸಾವೂ ಇರಲಿಲ್ಲ.

"ಅತ್ತೆ, ಅಜ್ಜನ ಆ ಡಿಸ್ಕ್ ನಿಮ್ಮ ಹತ್ರ ಉಂಟಲ್ಲ?"

"ಉಂಟು."

"ಎರಡು ದಿನಕ್ಕೆ ಕೊಡ್ತೀರಾ ಅಂತ ಅಪ್ಪ ಕೇಳಿದ್ರು."

ದುಗ್ಗಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. "ನಿಮ್ಮದಕ್ಕೆ ಎಂತ ಆಯ್ತು?"

"ಹಾಳಾಯ್ತು ಅತ್ತೆ. ಕಳೆದ ನವರಾತ್ರಿಯಿಂದ ತಿರುಗುದೇ ಇಲ್ಲ."

"ನನ್ನದು ಹದಿನೇಳು ವರ್ಷದಿಂದ ತಿರುಗಲಿಲ್ಲ. ನಾನು ಯಾರ ಮನೆಗೂ ಕೇಳ್ಕೊಂಡು ಹೋಗಲಿಲ್ಲ."

ಅವಳು ಎದ್ದು ದೇವರ ಕೋಣೆಗೆ ಹೋದಳು. ಡಿಸ್ಕ್ ತರಲಿಕ್ಕಲ್ಲ, ಅದು ಅಲ್ಲೇ ಉಂಟೋ ಎಂದು ನೋಡಲಿಕ್ಕೆ.

ದುಗ್ಗಮ್ಮನ ಅಪ್ಪ ಕುಕ್ಕಪ್ಪ ಆಲೆಟ್ಟಿಯಲ್ಲಿ ನಲವತ್ತು ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಪುರಾಣ ಓದಿದವರು. ತಿಂಗಳಿಡೀ ಸಂಜೆಯ ಹೊತ್ತು ಮನೆಯ ಚಾವಡಿಯಲ್ಲಿ ದೀಪ ಹಚ್ಚಿ, ಮಣೆಯ ಮೇಲೆ ಪುಸ್ತಕ ಇಟ್ಟು ಓದುತ್ತಿದ್ದರು. ಪದ್ಯದ ನಡುವೆ ಯಾರೂ ಮಾತಾಡುವಂತಿಲ್ಲ. ಮಾತಾಡಿದರೆ ಬೈಯುತ್ತಿರಲಿಲ್ಲ. ಓದು ನಿಲ್ಲಿಸಿ, ಮಾತಾಡಿದವನ ಮುಖವನ್ನೇ ಒಂದು ಗಳಿಗೆ ನೋಡಿ, ಮತ್ತೆ ಮೊದಲ ಪದ್ಯದಿಂದ ಶುರು ಮಾಡುತ್ತಿದ್ದರು. ಒಂದು ಸಂಜೆ ಹೀಗೆ ಮೂರು ಸಲ ಆಗಿ, ಊಟಕ್ಕೆ ಏಳುವಾಗ ಪಲ್ಯವೆಲ್ಲ ತಣಿದಿತ್ತು. ಆಮೇಲೆ ಆ ಚಾವಡಿಯಲ್ಲಿ ಮಕ್ಕಳು ಸಹ ಕೆಮ್ಮು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಆ ಪದ್ಯಗಳನ್ನು ದುಗ್ಗಮ್ಮ ಪುಸ್ತಕದಿಂದ ಕಲಿತವಳಲ್ಲ. ಅವಳು ಕೆಲಸಕ್ಕಿದ್ದ ಕಡಬದ ಅಂಗನವಾಡಿಯಲ್ಲಿ ಮಕ್ಕಳನ್ನು ಮಲಗಿಸುವಾಗ ತಮ್ಮಷ್ಟಕ್ಕೆ ಅವು ಬಾಯಿಗೆ ಬರುತ್ತಿದ್ದವು.

ಎರಡು ಸಾವಿರದ ಏಳರ ಆಟಿಯಲ್ಲಿ ಸೋದರತ್ತೆಯ ಮಗ ರೂಪೇಶ್ ಗಲ್ಫಿನಿಂದ ರಜೆಗೆ ಬಂದವನು ಕೊನೆಯ ದಿನದ ಓದನ್ನು ಹೊಸ ಕ್ಯಾಮೆರಾದಲ್ಲಿ ಹಿಡಿದ. ದೀಪದ ಕುಡಿ ಅಲುಗಿದರೆ ಅಪ್ಪನ ಕನ್ನಡಕದಲ್ಲಿಯೂ ಅಲುಗುವುದು ಕಾಣುತ್ತದೆ, ಅಂಥ ಕ್ಯಾಮೆರಾ ಎಂದು ಹೇಳಿದ. ಆ ವರ್ಷವೇ ಕಾರ್ತಿಕದಲ್ಲಿ ಕುಕ್ಕಪ್ಪ ತೀರಿಕೊಂಡರು. ರೂಪೇಶ್ ಓದನ್ನು ಎರಡು ಡಿಸ್ಕಿಗೆ ಹಾಕಿ, ಮಗಳಿಗೊಂದು ಮಗನಿಗೊಂದು ಎಂದು ಎರಡನ್ನೂ ದುಗ್ಗಮ್ಮನ ತಮ್ಮ ತೀರ್ಥರಾಮನ ಕೈಗೆ ಕೊಟ್ಟು ಜನವರಿಯಲ್ಲಿ ವಾಪಸು ಹೋದ. ಅದೇ ವರ್ಷ ಅಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಅವನ ಕಂಪ್ಯೂಟರ್ ಏನಾಯಿತೋ ಯಾರಿಗೂ ಗೊತ್ತಿಲ್ಲ.

ಡಿಸ್ಕುಗಳು ನೋಡಲಿಕ್ಕೆ ಒಂದೇ ಥರ. ಆದರೆ ಒಂದು ಬ್ಲೂ-ರೇ, ಇನ್ನೊಂದು ಎಚ್‌ಡಿ ಡಿವಿಡಿ. ಒಂದರ ಯಂತ್ರದಲ್ಲಿ ಇನ್ನೊಂದು ಓಡುವುದಿಲ್ಲ. ಆ ಕಾಲದಲ್ಲಿ ಕಂಪೆನಿಗಳು ಎರಡು ಪಂಗಡವಾಗಿ ಜಗಳಾಡುತ್ತಿದ್ದವು. ಯಾರು ಗೆಲ್ಲುತ್ತಾರೆಂದು ಗೊತ್ತಿಲ್ಲದೆ ರೂಪೇಶ್ ಎರಡರಲ್ಲೂ ಒಂದೊಂದು ಮಾಡಿದ್ದ. ಫೆಬ್ರವರಿಯಲ್ಲಿ ಎಚ್‌ಡಿ ಡಿವಿಡಿಯವರು ಸೋತೆವೆಂದು ಕೈಬಿಟ್ಟರು. ತೀರ್ಥರಾಮ ಅಕ್ಕನ ಪಾಲು ಹಿಡಿದು ಕಡಬಕ್ಕೆ ಬಂದದ್ದು ಮಾರ್ಚಿನಲ್ಲಿ, ಶಿವರಾತ್ರಿಯ ಮರುದಿನ. ತಂದದ್ದು ಸೋತವರ ಡಿಸ್ಕ್.

ಸುಳ್ಯದಲ್ಲಿ ಟಿವಿ, ಮಿಕ್ಸಿ ಮಾರುವ ಅಂಗಡಿ ತೀರ್ಥರಾಮನದು. ಯಾವ ಯಂತ್ರ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಇಡೀ ತಾಲೂಕಿನಲ್ಲಿ ಮೊದಲು ಗೊತ್ತಾಗುವುದು ಅವನಿಗೆ. ಹಾಗಾದರೆ ಎರಡು ತಿಂಗಳು ಆ ಡಿಸ್ಕ್ ಎಲ್ಲಿತ್ತು? ದುಗ್ಗಮ್ಮ ಅವತ್ತೇ ಕೇಳಿದ್ದಳು. "ಪುರುಸೊತ್ತು ಆಗಲಿಲ್ಲ ಅಕ್ಕ. ಪೆಟ್ಟಿಗೆ ಮೇಲೆ ರೂಪೇಶನೇ ಹೆಸರು ಬರೆದದ್ದು, ನಾನು ಹೊತ್ತುಕೊಂಡು ಬಂದದ್ದು ಮಾತ್ರ" ಎಂದಿದ್ದ. ಹೆಸರು ಬರೆದ ಚೀಟಿ ಪೆಟ್ಟಿಗೆಯ ಮೇಲಿತ್ತು, ಡಿಸ್ಕಿನ ಮೇಲಲ್ಲ. "ನಿನ್ನದರಿಂದ ಒಂದು ಕಾಪಿ ಮಾಡಿಕೊಡು" ಎಂದಾಗ "ಅದನ್ನು ಕಾಪಿ ಮಾಡ್ಲಿಕ್ಕೆ ಆಗುದಿಲ್ಲ" ಎಂದಿದ್ದ. "ಬಂದು ಅಪ್ಪನ ಓದು ಕೇಳು" ಎಂದು ಒಮ್ಮೆಯೂ ಕರೆದವನಲ್ಲ. ದುಗ್ಗಮ್ಮನೂ ಹೋಗಲಿಲ್ಲ. ಅಪ್ಪನ ಸ್ವರ ಕೇಳದೆ ಹದಿನೇಳು ಆಟಿ ಹೋಯಿತು.

ದೇವರ ಕೋಣೆಯಲ್ಲಿ ಹಳೆಯ ಪಟ್ಟೆಸೀರೆಯ ತುಂಡಿನಲ್ಲಿ ಸುತ್ತಿದ ಡಿಸ್ಕ್ ಇಟ್ಟಲ್ಲೇ ಇತ್ತು. ಅವಳು ಹೊರಗೆ ಬಂದಳು.

"ಈಗ ಸಿಕ್ಕಿತಾ ನಿಮಗೆ ಇದನ್ನು ಓದುವ ಯಂತ್ರ?"

"ಪುತ್ತೂರಲ್ಲಿ ನಾನು ಕೆಲಸ ಮಾಡುವ ಲ್ಯಾಬಿನ ಕೆಳಗೆ ಅಫ್ರೀದಣ್ಣ ಅಂತ ರಿಪೇರಿಯವರು ಇದ್ದಾರೆ. ಅವರ ಮಾವ ಆಗ ಗಲ್ಫಿಂದ ತಂದ ಲ್ಯಾಪ್‌ಟಾಪ್ ಉಂಟಂತೆ, ಇದೇ ಜಾತಿಯದ್ದು. ಓಡಿದ್ರೆ ಪೆನ್‌ಡ್ರೈವಿಗೆ ಹಾಕಿ ಕೊಡ್ತಾರೆ. ನಿಮಗೊಂದು, ನಮಗೊಂದು."

"ನಿನ್ನ ಅಪ್ಪ ಬರ್ತಾನಾ?"

"ಬರ್ತಾರೆ. ನೀವು ಸುಮ್ಮನೆ ಬಸ್ಸಲ್ಲಿ ಒದ್ದಾಡುದು ಬೇಡ, ಡಿಸ್ಕ್ ಮಾತ್ರ ತಾ ಅಂತ..."

"ಹಾಗೆ ಹೇಳಿದನಾ? ನಾನು ಬಾರದ ಹಾಗೆ ನೋಡ್ಕೊ ಅಂತ?"

"ಹಾಗಲ್ಲ ಅತ್ತೆ."

"ಹಾಗೇ. ಶನಿವಾರ ನಾನೇ ಬರ್ತೇನೆ ಅಂತ ಹೇಳು. ಡಿಸ್ಕ್ ನನ್ನ ಮಡಿಲಲ್ಲೇ ಬರ್ತದೆ."

ಅಫ್ರೀದನ ಅಂಗಡಿ ಪುತ್ತೂರು ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ. ಬಿಚ್ಚಿಟ್ಟ ಟಿವಿಗಳ ನಡುವೆ ಮೂರು ಸ್ಟೂಲಿಗೆ ಜಾಗ. ದುಗ್ಗಮ್ಮ ಹೋಗುವಾಗ ತೀರ್ಥರಾಮ ಆಗಲೇ ಬಂದು ಲ್ಯಾಪ್‌ಟಾಪಿನ ತೀರಾ ಹತ್ತಿರದ ಸ್ಟೂಲಿನಲ್ಲಿ ಕುಳಿತಿದ್ದ. ತಲೆಯೆಲ್ಲ ನರೆತಿತ್ತು. ಅಕ್ಕನನ್ನು ಕಂಡು ಎದ್ದು ನಿಂತ, ಮತ್ತೆ ಅಲ್ಲೇ ಕೂತ.

"ಬಸ್ಸು ರಶ್ ಇತ್ತಾ ಅಕ್ಕ?"

"ಇತ್ತು. ಆ ಸ್ಟೂಲು ಬಿಡು."

"ಇಲ್ಲಿ ಫ್ಯಾನಿನ ಗಾಳಿ ತಾಗುದಿಲ್ಲ ನಿನಗೆ."

"ಗಾಳಿಗೆ ಬಂದದ್ದಲ್ಲ ನಾನು."

ತೀರ್ಥರಾಮ ಸ್ಟೂಲು ಬಿಟ್ಟ. ಭವಿತಾ ತಂದಿದ್ದ ಹಾಳಾದ ಡಿಸ್ಕನ್ನು ಅಫ್ರೀದ್ ಬೆಳಕಿಗೆ ಹಿಡಿದು ನೋಡುತ್ತಿದ್ದ. ಹೊಳೆಯುವ ಬದಿಯಲ್ಲಿ ಉಂಗುರದ ಹಾಗೆ ಮಂಜು ಕಟ್ಟಿದ ಗೀರುಗಳು.

"ಇದಕ್ಕೆ ಎಂತ ಹಾಕಿ ಉಜ್ಜಿದ್ದು ಮಾರಾಯ್ರೆ?"

"ಉಜ್ಜಲಿಲ್ಲ. ಶಾರದಾ ಪೂಜೆಗೆ ಪುಸ್ತಕದ ಒಟ್ಟಿಗೆ ಇಡ್ತೇವೆ. ಗಂಧ ಹಚ್ಚುದು, ಮತ್ತೆ ಒರೆಸುದು" ಎಂದಳು ಭವಿತಾ.

"ಈ ಬದಿಗಾ?"

"ಹೊಳೆಯುವ ಬದಿಯೇ ಮುಖ ಅಂತ ಅಪ್ಪ ಹೇಳಿದ್ದು."

ಅಫ್ರೀದನಿಗೆ ನಗು ಬಂತು. ಮೂವರ ಮುಖ ನೋಡಿ ನುಂಗಿಕೊಂಡ. "ಹದಿನೇಳು ಸಲ ಗಂಧ! ಬ್ಲೂ-ರೇಯಲ್ಲಿ ಬರೆದದ್ದು ಸಿಪ್ಪೆಯ ಅಡಿಯಲ್ಲೇ ಇರುದು. ಉಗುರು ತಾಗಿದ್ರೂ ಕಷ್ಟ. ನಿಮ್ಮ ಡಿಸ್ಕ್ ಕೊಡಿ ಅಮ್ಮ."

ದುಗ್ಗಮ್ಮ ಪಟ್ಟೆ ಬಿಡಿಸಿದಳು. ಅದರಲ್ಲೂ ಗಂಧದ ಕಲೆ, ಅದರಲ್ಲೂ ಗೀರು. ಯಾವ ಬದಿಗೆ ಹಚ್ಚಬೇಕೆಂದು ಆ ಮನೆಯವರನ್ನು ಇವಳು ಕೇಳಿರಲಿಲ್ಲ, ಇವಳನ್ನು ಅವರು ಕೇಳಿರಲಿಲ್ಲ.

"ಸೈ! ಅಕ್ಕ ತಮ್ಮ ಅಂದ್ರೆ ಅಕ್ಕ ತಮ್ಮನೇ" ಎಂದ ಅಫ್ರೀದ್. "ಆದ್ರೆ ಇದ್ರಲ್ಲಿ ಬರೆದದ್ದು ಹಲಸಿನ ಬೀಜದ ಹಾಗೆ ನಡುವಿನಲ್ಲಿ ಇರುದು. ಮೇಲೆ ಗೀರಿದ್ರೆ ಒಳಗೆ ತಾಗುದು ಕಮ್ಮಿ. ನೋಡುವ. ಇಷ್ಟು ವರ್ಷ ಆಯ್ತು, ಹೇಳ್ಲಿಕ್ಕೆ ಆಗುದಿಲ್ಲ."

"ಅಕ್ಕ, ಅದು ಶುರು ಆಗ್ಲಿಕ್ಕೆ ತುಂಬ ಹೊತ್ತು ಬೇಕು" ಎಂದ ತೀರ್ಥರಾಮ. "ಭವಿತಾ, ಅತ್ತೆಯನ್ನು ಕೆಳಗೆ ಹೋಟೆಲಿಗೆ ಕರ್ಕೊಂಡು ಹೋಗು. ಗೋಳಿಬಜೆ ಬಿಸಿ ಇರ್ತದೆ. ಅಪ್ಪ ಓದ್ಲಿಕ್ಕೆ ಶುರು ಮಾಡಿದ ಕೂಡ್ಲೆ ಕರೀತೇನೆ."

ದುಗ್ಗಮ್ಮ ತಮ್ಮನನ್ನು ನೋಡಿದಳು. ಅಂಗಡಿಯಲ್ಲಿ ಗಿರಾಕಿಗೆ ಪೆಟ್ಟಿಗೆ ಬಿಚ್ಚಿ ತೋರಿಸದೆ ಟಿವಿ ಮಾರುವಾಗಲೂ ಇವನು ಹೀಗೇ ಮಾತಾಡುತ್ತಿರಬೇಕು.

"ನನಗೆ ಹಸಿವಿಲ್ಲ. ನಿನಗೆ ಇದ್ರೆ ನೀನು ಹೋಗು."

"ಅಪ್ಪ ಮನೆಯಲ್ಲೂ ಹೀಗೇ ಅತ್ತೆ" ಎಂದಳು ಭವಿತಾ, ಬಿಗಿ ಸಡಿಲಿಸುವವಳ ಹಾಗೆ. "ಅಜ್ಜನ ಓದು ಹಾಕುವಾಗ ರಿಮೋಟ್ ಯಾರ ಕೈಗೂ ಕೊಡುದಿಲ್ಲ. ಎಲ್ಲರನ್ನೂ ಹೊರಗೆ ನಿಲ್ಲಿಸಿ, ದೀಪ ಹಚ್ಚುವಲ್ಲಿಗೆ ತಂದು ನಿಲ್ಲಿಸಿ, ಮತ್ತೆ ಒಳಗೆ ಕರೆಯುದು."

"ದೀಪದ ಮೊದಲು ಎಂತ ಉಂಟು?"

"ಎಂತದೂ ಇಲ್ಲ" ಎಂದ ತೀರ್ಥರಾಮ.

ಮಗಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ್ದನ್ನು ದುಗ್ಗಮ್ಮ ಗಮನಿಸಿದಳು. ಸ್ಟೂಲನ್ನು ಇನ್ನೂ ಒಂದು ಗೇಣು ಮುಂದಕ್ಕೆ ಎಳೆದುಕೊಂಡಳು.

ಅಫ್ರೀದ್ ಒದ್ದೆ ಬಟ್ಟೆಯಲ್ಲಿ ಡಿಸ್ಕನ್ನು ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಿ ಒಳಗೆ ತಳ್ಳಿದ. ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯ ಹಾಗೆ ಕೂಗಿತು. ಡಿಸ್ಕ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ದುಗ್ಗಮ್ಮನ ಬೆರಳುಗಳು ಖಾಲಿ ಪಟ್ಟೆಯನ್ನು ಹಿಂಡುತ್ತಿದ್ದವು. ಒಳಗೆ ಏನೂ ಇಲ್ಲದಿದ್ದರೆ? ಎರಡು ತಿಂಗಳು ಇಟ್ಟುಕೊಂಡು, ಖಾಲಿ ಡಿಸ್ಕ್ ಕೊಟ್ಟು, ಹದಿನೇಳು ವರ್ಷ ತನ್ನಿಂದ ಪೂಜೆ ಮಾಡಿಸಿದ್ದರೆ?

ಪರದೆ ಬೆಳಗಿತು. ಕೆಂಪು ಹಿನ್ನೆಲೆ, ಅಂಚಿಗೆ ಬಳ್ಳಿಯ ಚಿತ್ರ. ಮದುವೆ ವಿಡಿಯೋಗಳಲ್ಲಿ ಬರುವ ಹಾಗೆ ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂತವು.

ಮಾವ ಕುಕ್ಕಪ್ಪನವರ ಪುರಾಣ ವಾಚನ. ಪ್ರೀತಿಯಿಂದ, ತೀರ್ಥರಾಮ ಭಾವನ ಮನೆಗೆ.

ತೀರ್ಥರಾಮನ ಬಲಗೈ ಹೆಬ್ಬೆರಳು ತೊಡೆಯ ಮೇಲೆ ಇಲ್ಲದ ರಿಮೋಟನ್ನು ಒತ್ತಿತು.

"ಇದು ನಮ್ಮ ಹೆಸರಲ್ಲಾ ಅಪ್ಪ?" ಎಂದಳು ಭವಿತಾ. "ಹಾಗಾದ್ರೆ ನಮ್ಮದ್ರಲ್ಲಿ..."

ಅವಳು ಮುಂದೆ ಹೇಳಬೇಕಾಗಲಿಲ್ಲ. ಸೋತದ್ದು ತನ್ನ ಹೆಸರಿನದ್ದು ಎಂದು ಫೆಬ್ರವರಿಯಲ್ಲಿ ಗೊತ್ತಾಗಿ, ಪೆಟ್ಟಿಗೆಯೊಳಗಿನ ಡಿಸ್ಕುಗಳನ್ನು ಅದಲು ಬದಲು ಮಾಡಿದ ಕೈ ಅಲ್ಲೇ ತೊಡೆಯ ಮೇಲಿತ್ತು. ಹಿರಿಯರ ಆಣೆ ಹಾಕಿ ಕೇಳಬೇಕು, ಬೀದಿಯವರಿಗೆಲ್ಲ ಕೇಳುವ ಹಾಗೆ ಕೇಳಬೇಕು ಎಂದು ಹದಿನೇಳು ವರ್ಷದಿಂದ ದುಗ್ಗಮ್ಮ ಜೋಡಿಸಿಟ್ಟ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಅವಳು ತಮ್ಮನ ಕಡೆ ತಿರುಗಿ ಬಾಯಿ ತೆರೆದಳು.

ಆಗ ಚಾವಡಿಯಲ್ಲಿ ದೀಪ ಹತ್ತಿತು. ಅಪ್ಪ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು, ಕನ್ನಡಕ ಏರಿಸಿ, ಮೊದಲ ಸಾಲು ಎತ್ತಿದರು.

ದುಗ್ಗಮ್ಮನ ಬಾಯಿ ಮುಚ್ಚಿತು.

ಸ್ವರ ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಸಣ್ಣದಿತ್ತು. ಸಾಲಿನ ತುದಿಯಲ್ಲಿ ಉಸಿರು ಸಾಲದೆ ಒಂದು ಅಕ್ಷರವನ್ನು ಮೂಗಿನಲ್ಲೇ ಮುಗಿಸುವುದು, ಪದ್ಯದ ಕೊನೆಯ ಸಾಲಿಗೆ ಬರುವಾಗ ಎಡಗೈ ಮಣೆಯ ಮೇಲೆ ಮೆಲ್ಲ ಬಡಿಯುವುದು, ಎಲ್ಲ ಇತ್ತು. ರೂಪೇಶ್ ಸುಳ್ಳು ಹೇಳಿರಲಿಲ್ಲ. ಕನ್ನಡಕದ ಎರಡೂ ಗಾಜಿನಲ್ಲಿ ಒಂದೊಂದು ದೀಪ ಅಲುಗುತ್ತಿತ್ತು. ಮೂಲೆಯಲ್ಲಿ ಕಂಬಕ್ಕೆ ಒರಗಿ ಕುಳಿತ ತೀರ್ಥರಾಮ, ಅವನ ಈಚೆಗೆ ತಾನು. ಇಬ್ಬರ ತಲೆಯೂ ಕಪ್ಪು. ಅಕ್ಕನ ಸೀರೆಯ ಅಂಚು ತಮ್ಮನ ಕಾಲಿನಡಿ ಸಿಕ್ಕಿಕೊಂಡಿದೆ, ಯಾರೂ ಎಳೆಯುತ್ತಿಲ್ಲ.

ಎರಡು ಪದ್ಯ ಮುಗಿಯಿತು. ಮೂರನೆಯದರ ನಡುವೆ ತೀರ್ಥರಾಮ ಕುಳಿತಲ್ಲಿಂದ ಅಲುಗಿದ.

"ಅಕ್ಕಾ, ನಾನು... ಹಾಕಿ ನೋಡಿದ ದಿನವೇ ನಿನ್ನ ಹೆಸರು ಬಂತು. ಒಳಗೆ ಹೆಸರು ಉಂಟು ಅಂತ ಮೊದಲು ಗೊತ್ತಿರಲಿಲ್ಲ. ಮತ್ತೆ ಯಾವ ಮುಖ ಹಿಡ್ಕೊಂಡು ನಿನ್ನನ್ನು ಕರೆಯುದು? ಕಾಪಿ ಮಾಡಿದ್ರೂ ಹೆಸರು ಬರ್ತಿತ್ತು..."

ಅಪ್ಪ ಓದುತ್ತಲೇ ಇದ್ದರು. ಯಂತ್ರಕ್ಕೆ ನಿಲ್ಲಿಸಲಿಕ್ಕೆ ಗೊತ್ತಿರಲಿಲ್ಲ.

"ನಿಲ್ಲಿಸು" ಎಂದಳು ದುಗ್ಗಮ್ಮ, ಅಫ್ರೀದನಿಗೆ.

ಅಪ್ಪನ ಬಾಯಿ ಅರ್ಧ ತೆರೆದಲ್ಲಿಗೆ ಚಿತ್ರ ನಿಂತಿತು. ದುಗ್ಗಮ್ಮ ತಿರುಗಿ ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಬೈಯಲಿಲ್ಲ.

"ಪದ್ಯದ ನಡುವೆ ಮಾತಾಡಿದೆ. ಅಪ್ಪ ಇದ್ದಿದ್ರೆ ಎಂತ ಮಾಡ್ತಿದ್ರು?"

ಉತ್ತರ ಹೇಳುವಾಗ ತೀರ್ಥರಾಮನ ಸ್ವರ ಹತ್ತು ವರ್ಷದ ಹುಡುಗನದ್ದು.

"ಮೊದಲಿಂದ."

"ಹಾಕು ಅಫ್ರೀದ್. ಮೊದಲಿಂದ ಅಂದ್ರೆ ದೀಪದಿಂದ ಅಲ್ಲ, ಹೆಸರಿನಿಂದ. ಆ ಎರಡು ಪೆನ್‌ಡ್ರೈವಿಗೂ ಹೆಸರು ಸಮೇತ ಹಾಕಬೇಕು, ಕತ್ತರಿಸ್ಲಿಕ್ಕಿಲ್ಲ. ಎರಡನ್ನೂ ನನ್ನೆದುರು ಹಾಕಿ ತೋರಿಸದೆ ನಾನು ಏಳುದಿಲ್ಲ."

"ಪೂರ್ತಿ ನೋಡುದಾ ಅಮ್ಮ? ಒಂದೂಕಾಲು ಗಂಟೆ ಉಂಟು ಇದು. ಮೂರು ಸಲ ಅಂದ್ರೆ..."

"ಪೂರ್ತಿ. ನಡುವೆ ಎಲ್ಲಿ ಎಂತ ಬಿಟ್ಟಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗುದು?"

"ಕಡಬಕ್ಕೆ ಕೊನೆಯ ಬಸ್ಸು ತಪ್ಪಿದ್ರೆ ಅತ್ತೆ?" ಎಂದಳು ಭವಿತಾ.

ದುಗ್ಗಮ್ಮ ಪಟ್ಟೆಯ ತುಂಡನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಳು. "ಸುಳ್ಯಕ್ಕೆ ಬಸ್ಸಿಲ್ವಾ? ನನ್ನ ಹೆಸರಿನ ಡಿಸ್ಕನ್ನು ಇಷ್ಟು ವರ್ಷ ಅಲ್ಲಿ ಎಲ್ಲಿ ಇಟ್ಟಿದ್ರು ಅಂತಲೂ ನೋಡಿದ ಹಾಗೆ ಆಯ್ತು."

ತೀರ್ಥರಾಮ ತನ್ನ ಸ್ಟೂಲನ್ನು ಎತ್ತಿ ಅಕ್ಕನ ಪಕ್ಕಕ್ಕೆ ತಂದಿಟ್ಟು ಕುಳಿತ. ಅವನ ಎರಡೂ ಕೈ ಎಲ್ಲಿವೆ ಎಂದು ದುಗ್ಗಮ್ಮ ಒಮ್ಮೆ ನೋಡಿಕೊಂಡಳು. ಪರದೆ ಕೆಂಪಾಯಿತು, ಅವನ ಹೆಸರು ಅಕ್ಷರ ಅಕ್ಷರವಾಗಿ ಹಾರಿ ಬಂತು. ಅದು ಪೂರ್ತಿ ಕೂತು ಮಾಯವಾಗುವವರೆಗೂ ಅವನು ಅದರಿಂದ ಕಣ್ಣು ಕೀಳಲಿಲ್ಲ. ಮತ್ತೆ ದೀಪ ಹತ್ತಿತು. ಅಪ್ಪ ನೀರು ಕುಡಿದರು. ಗಂಟಲಿನಲ್ಲಿ ಎದ್ದ ಕೆಮ್ಮನ್ನು ತೀರ್ಥರಾಮ ಅಂಗೈಯಿಂದ ಒತ್ತಿ ಹಿಡಿದು ಎದ್ದ, ಮೆಟ್ಟಿಲ ತನಕ ಹೋಗಿ ಕೆಮ್ಮಿ, ಸದ್ದಿಲ್ಲದೆ ಬಂದು ಮತ್ತೆ ಅಲ್ಲೇ ಕುಳಿತ.